ತರಗತಿಗೆ ಹೋಗದೆ ಎಪಿ ಕ್ಯಾಲ್ಕುಲಸ್: ಬರೆದವರ, ಬರೆಸಿದವರ ಅನುಭವ

ಪ್ರಶ್ನೆ: ನಾವಿರುವುದು ಒಹಾಯೋದ ಸಣ್ಣ ಊರಿನಲ್ಲಿ. ಮಗಳ ಶಾಲೆಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಕ್ಯಾಲ್ಕುಲಸ್ ಬಿಸಿ (BC) ಕಲಿಸುವುದಿಲ್ಲ. ತಾನೇ ಓದಿಕೊಂಡು ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತೇನೆ ಎನ್ನುತ್ತಾಳೆ. ಅನುಭವವಿದ್ದವರು ದಾರಿ ತೋರಿಸಿ.

ಒಬ್ಬ ತಂದೆ: ಧಾರಾಳವಾಗಿ ಬರೆಯಲಿ. ತರಗತಿಗೆ ಹೋಗಿರಲೇಬೇಕು ಎಂಬ ನಿಯಮ ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನದಲ್ಲ. ಆದರೆ ಪುಸ್ತಕ ಕೊಳ್ಳುವ ಮೊದಲು ಪರೀಕ್ಷೆಗೆ ಕೂರಲು ಒಂದು ಶಾಲೆ ಗೊತ್ತುಮಾಡಿಕೊಳ್ಳಿ. ನಿಮ್ಮ ಶಾಲೆ ಒಲ್ಲೆ ಎಂದರೆ ಸುತ್ತಲಿನ ಶಾಲೆಗಳಲ್ಲಿ ಈ ಪರೀಕ್ಷೆ ನೋಡಿಕೊಳ್ಳುವ ಎಪಿ ಕೋಆರ್ಡಿನೇಟರ್‌ಗಳಿಗೆ ಫೋನ್ ಮಾಡಬೇಕು. ಹೊರಗಿನವರನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ನೋಂದಣಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ, ತಡವಾದರೆ ಹೆಚ್ಚುವರಿ ಶುಲ್ಕ. ಹಾಗಾಗಿ ಸೆಪ್ಟೆಂಬರ್‌ನಲ್ಲೇ ವಿಚಾರಿಸಿ.

ಸ್ವಂತವಾಗಿ ಓದಿ ಬರೆದ ವಿದ್ಯಾರ್ಥಿನಿ: ಆಂಟಿ, ಪಾಠಕ್ಕೆ ಖಾನ್ ಅಕಾಡೆಮಿಯ ಉಚಿತ ಆನ್‌ಲೈನ್ ಪಾಠಗಳೇ ನನಗೆ ಸಾಕಾದವು. ತರಗತಿ ಇಲ್ಲದ ಕೊರತೆ ಕಾಡುವುದು ಉತ್ತರ ತಿದ್ದುವವರಿಲ್ಲದಾಗ. ಅರ್ಧ ಅಂಕ ಬಹುಆಯ್ಕೆಯದು, ಇನ್ನರ್ಧ ಬಿಡಿಸಿ ಬರೆಯುವ 6 ಪ್ರಶ್ನೆಗಳದು. ಒಂದೊಂದಕ್ಕೆ 9 ಅಂಕ. ಹಿಂದಿನ ವರ್ಷಗಳ ಈ ಪ್ರಶ್ನೆಗಳನ್ನೂ ಅಂಕ ಕೊಡುವ ಕ್ರಮವನ್ನೂ ಕಾಲೇಜ್ ಬೋರ್ಡ್ ತನ್ನ ತಾಣದಲ್ಲಿ ಉಚಿತವಾಗಿಯೇ ಇಟ್ಟಿದೆ. ಗಡಿಯಾರ ಇಟ್ಟುಕೊಂಡು ಬರೆದು, ಆ ಕ್ರಮವನ್ನು ಪಕ್ಕದಲ್ಲಿ ಹರಡಿ ಸಾಲುಸಾಲಾಗಿ ಹೋಲಿಸಲಿ. ‘ಇಲ್ಲಿ ಗರಿಷ್ಠ’ ಎಂದಷ್ಟೇ ಬರೆದರೆ ಅಂಕ ಬರುವುದಿಲ್ಲ. ಅಲ್ಲಿ ನಿಷ್ಪನ್ನವು ಧನದಿಂದ ಋಣಕ್ಕೆ ತಿರುಗುತ್ತದೆ ಎಂಬ ಕಾರಣವನ್ನೂ ಬರೆಯಬೇಕು. ಅವಕಲ ಸಮೀಕರಣದಲ್ಲಿ ಅನುಕಲನದ ಸ್ಥಿರಾಂಕ ಬಿಟ್ಟುಹೋದರೆ ಮುಂದಿನ ಹೆಜ್ಜೆಗಳು ಎಷ್ಟೇ ಸರಿಯಿದ್ದರೂ ಆ ಭಾಗದ ಹೆಚ್ಚಿನ ಅಂಕಗಳು ಕೈತಪ್ಪುತ್ತವೆ. ದಶಮಾಂಶ ಉತ್ತರ ಮೂರು ಸ್ಥಾನದವರೆಗೆ ಸರಿಯಿರಬೇಕು. ಗಣಿತ ಚೆನ್ನಾಗಿ ಬಲ್ಲ ಮಕ್ಕಳೂ ಎಡವುವುದು ಇಲ್ಲೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅನಂತ ಶ್ರೇಣಿಗಳನ್ನು ಮಾತ್ರ ಕೊನೆಗೆ ತಳ್ಳಬೇಡಿ, ಅವು ಪಳಗಲು ಸಮಯ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಬಹುಆಯ್ಕೆಯಲ್ಲಿ ಒಂದನ್ನೂ ಖಾಲಿ ಬಿಡಬಾರದು.

ಒಬ್ಬ ತಾಯಿ: ಎಲ್ಲ ವಿಷಯಕ್ಕೂ ಈ ದಾರಿ ಇಲ್ಲ. ಎಪಿ ಸೆಮಿನಾರ್, ರಿಸರ್ಚ್ ಎರಡಕ್ಕೂ ತರಗತಿ ಬೇಕೇ ಬೇಕು. ಇನ್ನೊಂದು ಮಾತು: ತರಗತಿಗೆ ಸೇರದೆ ಬರೆದ ಪರೀಕ್ಷೆಯಿಂದ ಶಾಲೆಯ ಜಿಪಿಎ (ಗ್ರೇಡ್‌ಗಳ ಸರಾಸರಿ) ಏರುವುದಿಲ್ಲ. ಕಾಲೇಜಿನಲ್ಲಿ ಕ್ರೆಡಿಟ್ (ಆ ವಿಷಯ ಓದಿ ಮುಗಿಸಿದ ಮಾನ್ಯತೆ) ಸಿಗುವುದೂ ಒಂದೊಂದು ಕಡೆ ಒಂದೊಂದು ರೀತಿ. ಫಲಿತಾಂಶ 1ರಿಂದ 5ರವರೆಗಿನ ಅಂಕದಲ್ಲಿ ಬರುತ್ತದೆ; ಕೆಲವೆಡೆ 3 ಬಂದರೆ ಸಾಕು, ಕೆಲವೆಡೆ 5 ಬೇಕು. ಮಗಳು ಅರ್ಜಿ ಹಾಕಲಿರುವ ಕಾಲೇಜುಗಳ ನಿಯಮವನ್ನು ಈಗಲೇ ನೋಡಿಡಿ.