ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಸರಕು ಸಾಗಣೆ ಪಾರ್ಕ್: ನೋಟಿಸ್ ಬರುವ ಮೊದಲು ಊರಿನವರು ಏನು ಮಾಡಬೇಕು?

ಕೆರೆಕೋಡಿ (ಪ್ರಶ್ನೆ):

ಮಾನ್ಯರೇ,

ನಮ್ಮದು ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರು. ಒಂದು ಮಗ್ಗುಲಿಗೆ ಬೆಂಗಳೂರು–ಮಂಗಳೂರು ಹೆದ್ದಾರಿ, ಇನ್ನೊಂದು ಮಗ್ಗುಲಿಗೆ 2017ರಲ್ಲಿ ರೈಲು ಓಡತೊಡಗಿದ ಹಾಸನ–ಬೆಂಗಳೂರು ಹಳಿ. ನಡುವೆ ನಮ್ಮ ತೆಂಗಿನ ತೋಟಗಳು, ರಾಗಿ ಮತ್ತು ಆಲೂಗೆಡ್ಡೆ ಹೊಲಗಳು, ಊರ ಗೋಮಾಳ. ಯುಗಾದಿ ಕಳೆದ ವಾರದಲ್ಲಿ ಕಾರಿನಲ್ಲಿ ಬಂದ ನಾಲ್ವರು ಡ್ರೋನ್ ಹಾರಿಸಿ, ಬದುಗಳ ಕಲ್ಲಿಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಯಾರ ಕಡೆಯವರು ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಕ್ಕಿತು. ಈಗ ಸುಮಾರು 300 ಎಕರೆಯಲ್ಲಿ ಗೋದಾಮುಗಳು, ಕಂಟೇನರ್ ಅಂಗಳ, ಲಾರಿ ನಿಲ್ದಾಣ ಮತ್ತು ಹಳಿಯಿಂದ ಒಳಕ್ಕೆ ಒಂದು ಕವಲು ಹಳಿ ಬರಲಿದೆ ಎಂಬ ಮಾತು ಹರಡಿದೆ. ಯಾವ ಕಚೇರಿಯಿಂದಲೂ ಒಂದು ಕಾಗದ ಬಂದಿಲ್ಲ. ಆದರೆ ದಲ್ಲಾಳಿಗಳು ಮಾತ್ರ ಸಂಜೆಯಾದರೆ ಮನೆ ಮನೆಗೆ ಬಂದು, ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಳ್ಳಲು ಒತ್ತಾಯಿಸುತ್ತಿದ್ದಾರೆ.

ಹಳಿ ಹಾಕುವಾಗ ನಮ್ಮ ಮನೆಯಿಂದಲೇ 18 ಗುಂಟೆ ಹೋಯಿತು. ನಾಲ್ಕು ಊರಿಗೆ ಅನುಕೂಲವಾಗುತ್ತದೆ ಎಂದು ನಮ್ಮ ತಂದೆ ತಕರಾರು ಮಾಡಲಿಲ್ಲ. ಈ ಸಲದ ಸಂಕಟ ಬೇರೆ. ನಮ್ಮ ತೋಟದ ಮೂಡಲ ಅಂಚಿನಲ್ಲಿ ಆಳೆತ್ತರದ ಒಂದು ಹಳ್ಳವಿದೆ. ವರ್ಷದಲ್ಲಿ ಹೆಚ್ಚೆಂದರೆ ಇಪ್ಪತ್ತು ದಿನ ಅದರಲ್ಲಿ ನೀರು ಕಾಣುತ್ತದೆ. ಉಳಿದ ದಿನ ಲಂಟಾನ ಬೆಳೆದ ಪಾಳು ತಗ್ಗಿನಂತೆ ಬಿದ್ದಿರುತ್ತದೆ. ಆ ಇಪ್ಪತ್ತು ದಿನದ ನೀರೇ ಊರ ಕೆರೆಯನ್ನು ತುಂಬಿಸುವುದು, ಕೆರೆ ತುಂಬಿದರೇ ನಮ್ಮ ಕೊಳವೆಬಾವಿಗಳು ಬೇಸಿಗೆಯನ್ನು ದಾಟುವುದು. ಕೆಂಪು ಗುರುತುಗಳ ಪೈಕಿ ಎರಡು ಆ ಹಳ್ಳದ ಎರಡೂ ದಡದ ಮೇಲಿವೆ.

ತಿಳಿದವರಲ್ಲಿ ನನ್ನ ಕೇಳಿಕೆ ಇಷ್ಟು. ನೋಟಿಸೇ ಬರದಿರುವಾಗ ಆಕ್ಷೇಪಣೆಯನ್ನು ಎಲ್ಲಿ ಸಲ್ಲಿಸಬೇಕು? ಗ್ರಾಮಸಭೆಯಲ್ಲಿ ನಿರ್ಣಯ ಮಾಡಿದರೆ ಯೋಜನೆ ನಿಲ್ಲುತ್ತದೆಯೇ? ನೂರಕ್ಕೆ ಎಂಬತ್ತು ಜನ ಒಪ್ಪದಿದ್ದರೆ ಭೂಮಿ ತೆಗೆದುಕೊಳ್ಳುವಂತಿಲ್ಲ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ, ಅದು ನಿಜವೇ?

ನಿವೃತ್ತ ಭೂಮಾಪಕ (ಉತ್ತರ):

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ನಂಬಿಕೆಯಲ್ಲಿ ಕೈಕಟ್ಟಿ ಕುಳಿತವರು ಮೋಸಹೋಗಿರುವುದನ್ನು ಕಂಡಿದ್ದೇನೆ. ಶೇ 80ರ ಒಪ್ಪಿಗೆ ಎಂಬುದು 2013ರ ಭೂಸ್ವಾಧೀನ ಕಾಯ್ದೆಯ ಮಾತು. ಸರ್ಕಾರವು ಖಾಸಗಿ ಕಂಪನಿಗಾಗಿ ಭೂಮಿ ತೆಗೆದುಕೊಳ್ಳುವಾಗ ಶೇ 80, ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಶೇ 70 ಭೂಮಾಲೀಕರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನವೂ ಆಗಬೇಕು ಎಂದು ಅದು ಹೇಳುತ್ತದೆ. ಆದರೆ ನಮ್ಮ ರಾಜ್ಯದಲ್ಲಿ ಕೈಗಾರಿಕಾ ಪ್ರದೇಶಗಳಿಗೆ ಭೂಮಿ ಬರುವುದು ಸಾಮಾನ್ಯವಾಗಿ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಮೂಲಕ. ಅದರಲ್ಲಿ ಒಪ್ಪಿಗೆಯ ಶೇಕಡಾವಾರು ಲೆಕ್ಕವೇ ಇಲ್ಲ. ಅದರ ಕಲಂ 28(1)ರ ಪ್ರಾಥಮಿಕ ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ, 28(2)ರ ನೋಟಿಸ್ ಮಾಲೀಕರಿಗೂ ಅನುಭೋಗದಾರರಿಗೂ ಬರುತ್ತದೆ, ಅದು ಕೈಸೇರಿದ ದಿನದಿಂದ 30 ದಿನಗಳೊಳಗೆ ನಿಮ್ಮ ಆಕ್ಷೇಪಣೆ ಹೋಗಬೇಕು, ಅನಂತರ ವಿಚಾರಣೆ. 28(4)ರ ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ಭೂಮಿ ಸರ್ಕಾರದ್ದಾಗುತ್ತದೆ. ಆದ್ದರಿಂದ ಆ 30 ದಿನಗಳಿಗೆ ಈಗಿನಿಂದಲೇ ಸಿದ್ಧರಾಗಿರಬೇಕು.

ಇನ್ನೊಂದು ದಾರಿ ನೇರ ಖರೀದಿ, ಮತ್ತು ನೀವು ಹೇಳುವುದನ್ನು ನೋಡಿದರೆ ಅದೇ ಆರಂಭವಾಗಿದೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಗಿದೆ. ಈ ದಾರಿಯಲ್ಲಿ ಊರಿಗೆ ನೋಟಿಸ್ ಬರುವುದಿಲ್ಲ, ಯಾರ ವಿಚಾರಣೆಯೂ ನಡೆಯುವುದಿಲ್ಲ. ಸಹಿ ಹಾಕಿದವರ ಜಮೀನು ಹೋಗುತ್ತದೆ, ಸಹಿ ಹಾಕದವರ ಜಮೀನು ದಾರಿಯಿಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದೆ. ಕ್ರಯದ ಕರಾರಿಗಾಗಲಿ, ಜಿಪಿಎಗಾಗಲಿ (ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ), ವಕೀಲರಿಗೆ ತೋರಿಸದೆ ಯಾರೂ ಸಹಿ ಹಾಕಬೇಡಿ.

ಗ್ರಾಮಸಭೆಯ ನಿರ್ಣಯ ಯೋಜನೆಯನ್ನು ತಾನಾಗಿ ನಿಲ್ಲಿಸುವುದಿಲ್ಲ. ಆದರೂ ಮಾಡಿ. ನಡವಳಿ ಪುಸ್ತಕದಲ್ಲಿ ಸರ್ವೆ ನಂಬರುಗಳ ಸಮೇತ ಬರೆಸಿ, ದೃಢೀಕೃತ ನಕಲು ಪಡೆಯಿರಿ. ನಾಳೆ ಆಕ್ಷೇಪಣೆಯ ಜೊತೆಗೆ ಲಗತ್ತಿಸಲು ಅದು ಬೇಕಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಪಹಣಿ, ಅಂದರೆ ಜಮೀನಿನ ಮಾಲೀಕರು ಮತ್ತು ಬೆಳೆಯ ಸರ್ಕಾರಿ ದಾಖಲೆ. ನನ್ನ ಸೇವಾವಧಿಯಲ್ಲಿ ಊರೂರಿನಲ್ಲಿ ಕಂಡ ಸಂಗತಿ ಇದು: ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿರುತ್ತದೆ, ಪಹಣಿಯ ಕಾಲಂ 9ರಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ನೋಟಿಸ್ ಅಜ್ಜನ ಹೆಸರಿಗೆ ಬರುತ್ತದೆ, ಪಡೆಯುವವರಿಲ್ಲದೆ ಮರಳುತ್ತದೆ, ಅಷ್ಟರಲ್ಲಿ 30 ದಿನ ಕಳೆದಿರುತ್ತದೆ. ಕೂಡಲೇ ಪೌತಿ ಖಾತೆ ಮಾಡಿಸಿಕೊಳ್ಳಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ತೆಂಗಿನ ಮರಗಳು ದಾಖಲಾಗಿವೆಯೇ ನೋಡಿ. ಖುಷ್ಕಿ ರಾಗಿ ಎಂದು ಬರೆದಿದ್ದರೆ ಫಲ ಕೊಡುವ ತೋಟವೂ ಕಾಗದದ ಮೇಲೆ ಬರಿಯ ಹೊಲವಾಗುತ್ತದೆ. ಗ್ರಾಮ ನಕ್ಷೆಯ ಪ್ರತಿ ತೆಗೆಸಿ, ಆ ಹಳ್ಳವೂ ಬಂಡಿದಾರಿಯೂ ಅದರಲ್ಲಿ ಹೇಗೆ ಗುರುತಾಗಿವೆ ಎಂದು ಪರಿಶೀಲಿಸಿ. ಗೋಮಾಳದ ವಿಷಯದಲ್ಲಿ, 1966ರ ಭೂಕಂದಾಯ ನಿಯಮಗಳ 97ನೇ ನಿಯಮದಂತೆ 100 ಜಾನುವಾರುಗಳಿಗೆ 30 ಎಕರೆ ಹುಲ್ಲುಗಾವಲು ಮೀಸಲಿಡಬೇಕು. ಪಶು ಆಸ್ಪತ್ರೆಯಿಂದ ನಿಮ್ಮ ಊರಿನ ಜಾನುವಾರು ಗಣತಿಯ ಸಂಖ್ಯೆ ಪಡೆದು ಲೆಕ್ಕ ಹಾಕಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ಇಂದೇ ಹಾಕಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಇಲ್ಲವಾದರೆ ಅದನ್ನೇ ನೆಪಮಾಡಿ ಹಿಂದಿರುಗಿಸಬಹುದು.

ಸಂತೇಪೇಟೆ (ಉತ್ತರ):

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ನಮ್ಮ ತಂದೆ ಹಾಸನದಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ಜಲಂಧರಿನಿಂದ ಬಿತ್ತನೆ ಆಲೂಗೆಡ್ಡೆ ಹೊತ್ತ ಲಾರಿಗಳು ಬರುವ ಕಾಲಕ್ಕೆ ಅವರು ರಾತ್ರಿಯೆಲ್ಲ ಮೂಟೆ ಇಳಿಸಿ, ಬೆಳಿಗ್ಗೆ ಮನೆಗೆ ಬಂದಾಗ ಹೆಗಲಿನ ಚರ್ಮ ಸುಲಿದಿರುತ್ತಿತ್ತು; ಅವ್ವ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಚಾಲಕರು ರಸ್ತೆಯಂಚಿನಲ್ಲೇ ಅಡುಗೆ ಮಾಡಿಕೊಂಡು ಲಾರಿಯ ಕೆಳಗೇ ಮಲಗುತ್ತಿದ್ದರು. ಶಿರಾಡಿ ಘಾಟಿಯಲ್ಲಿ ಮಳೆಗಾಲಕ್ಕೆ ಮಣ್ಣು ಕುಸಿದಾಗ ಲಾರಿಗಳು ಸಾಲುಗಟ್ಟಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಸರಕಿಗೆ ಒಳ್ಳೆಯ ಜಾಗ, ಚಾಲಕರಿಗೆ ಶೌಚಾಲಯ ಮತ್ತು ವಿಶ್ರಾಂತಿಯ ಮನೆ, ರೈತರಿಗೆ ಶೀತಲಗೃಹ, ಇವು ನಮ್ಮ ಜಿಲ್ಲೆಗೆ ಖಂಡಿತ ಬೇಕು. ಸರಕು ಹಳಿಯ ಮೇಲೆ ಹೋದಷ್ಟೂ ಘಾಟಿಯಲ್ಲಿ ಲಾರಿ ಕಡಿಮೆಯಾಗುತ್ತದೆ.

ಆದುದರಿಂದ ಕೇವಲ ಬೇಡ ಎನ್ನುವುದರ ಬದಲು, ಏನು ಬೇಕು ಮತ್ತು ಎಲ್ಲಿ ಬೇಕು ಎಂಬುದನ್ನೂ ನಿಮ್ಮ ಆಕ್ಷೇಪಣೆಯಲ್ಲಿ ಬರೆಯಿರಿ ಎಂದು ಕೋರುತ್ತೇನೆ. ಕೈಗಾರಿಕೆಗೆಂದು ಈಗಾಗಲೇ ತೆಗೆದುಕೊಂಡ ಭೂಮಿಯಲ್ಲಿ ಖಾಲಿ ನಿವೇಶನ ಎಷ್ಟಿದೆ ಎಂದು ಮೊದಲು ಕೇಳಿ. ಗೋದಾಮಿಗೆ ಕೆಲಸದವರನ್ನು ಎಲ್ಲಿಂದ ತರುತ್ತಾರೆ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂಬುದನ್ನೂ ಲಿಖಿತವಾಗಿ ಕೇಳಿ. ಮನೆಗೊಂದು ಉದ್ಯೋಗ ಎಂದು ಬಾಯಿಮಾತಿನಲ್ಲಿ ಹೇಳುವುದನ್ನು ನಂಬಬೇಡಿ. ಯಂತ್ರವೇ ಪೇರಿಸಿ ಇಳಿಸುವ ಗೋದಾಮಿನಲ್ಲಿ ನಮ್ಮ ತಂದೆಯಂಥವರಿಗೂ ಕೆಲಸವಿಲ್ಲ.

ಎಡದಂಡೆ (ಉತ್ತರ):

ಹಳ್ಳದ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳೇ ಅದು. 300 ಎಕರೆಯಲ್ಲಿ 200 ಎಕರೆ ತಗಡಿನ ಚಾವಣಿ ಮತ್ತು ಕಾಂಕ್ರೀಟ್ ಆಯಿತೆಂದು ಇಟ್ಟುಕೊಳ್ಳಿ. 25 ಮಿಲಿಮೀಟರಿನ ಒಂದೇ ಮಳೆಗೆ ಅದರ ಮೇಲೆ ಬೀಳುವ ನೀರು ಸುಮಾರು 2 ಕೋಟಿ ಲೀಟರ್, ಅಂದರೆ 12,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ 1,600ಕ್ಕೂ ಹೆಚ್ಚು. ಇಂದು ಆ ನೀರಿನ ಬಹುಪಾಲನ್ನು ಉತ್ತ ಹೊಲ ಕುಡಿದು, ಉಳಿದದ್ದನ್ನು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತದೆ. ನಾಳೆ ಅದು ಗಂಟೆಯೊಳಗೆ, ಲಾರಿ ಅಂಗಳದ ಡೀಸೆಲ್ ಮತ್ತು ಎಣ್ಣೆಯ ಜಿಡ್ಡನ್ನು ತೊಳೆದುಕೊಂಡು, ಕೆರೆಗೆ ನುಗ್ಗುತ್ತದೆ. ಅಥವಾ ಚರಂಡಿಯನ್ನು ಬೇರೆ ಕಡೆಗೆ ತಿರುಗಿಸಿದರೆ ಕೆರೆಗೆ ಬಾರದೇ ಹೋಗುತ್ತದೆ. ಎರಡರಲ್ಲಿ ಯಾವುದೇ ಆದರೂ, ಕೆರೆ ಉಳಿಯುವುದಿಲ್ಲ. ಈ ಮಳೆಗಾಲದಲ್ಲಿ ಹಳ್ಳ ಹರಿಯುವ ಪ್ರತಿ ದಿನವೂ ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಬೇಸಿಗೆಯಲ್ಲಿ ಸ್ಥಳ ತನಿಖೆಗೆ ಬಂದವರು ಒಣ ತಗ್ಗನ್ನು ನೋಡಿ ಇಲ್ಲಿ ಜಲಮೂಲವಿಲ್ಲ ಎಂದು ಬರೆದರೆ ಅದನ್ನು ಅಳಿಸುವುದು ಕಷ್ಟ.

ಪರಿಸರದ ಸಾರ್ವಜನಿಕ ಆಲಿಕೆಯಲ್ಲಿ ಮಾತಾಡೋಣ ಎಂದು ಕಾಯಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡ ನಿರ್ಮಾಣ ಮತ್ತು ಪ್ರದೇಶಾಭಿವೃದ್ಧಿ ಯೋಜನೆಗಳಿಗೆ ಆಲಿಕೆಯಿಂದ ವಿನಾಯಿತಿ ಇದೆ. ಗೋದಾಮುಗಳನ್ನು ಆ ವರ್ಗದಲ್ಲಿ ತಂದರೆ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಯಾವ ವರ್ಗದಲ್ಲಿ ಅರ್ಜಿ ಹೋಗಿದೆ ಎಂಬುದೇ ನಿಮ್ಮ ಒಂದು ಮಾಹಿತಿ ಹಕ್ಕಿನ ಪ್ರಶ್ನೆಯಾಗಲಿ.

ದೇವನಹಳ್ಳಿಯ ಹೋರಾಟವನ್ನು ಇಲ್ಲಿ ನೆನೆಯದಿರಲಾಗದು. ಅಲ್ಲಿಯೂ ಚನ್ನರಾಯಪಟ್ಟಣ ಎಂಬ ಹೋಬಳಿಯಿದೆ. ಹೆಸರು ಒಂದೇ ಆದ್ದರಿಂದ ನಮ್ಮ ಕಡೆ ಎಷ್ಟೋ ಜನ ಸುದ್ದಿ ಕೇಳಿ ಗಾಬರಿಯಾಗಿದ್ದರು. 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತ ರೈತರು ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ತಾವಾಗಿ ಕೊಡುವವರಿಂದ ಭೂಮಿ ಪಡೆಯುತ್ತೇವೆ ಎಂಬ ಮಾತೂ ಅದರ ಜೊತೆಗಿತ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿಯನ್ನು ಯಾರೂ ಎತ್ತಿಲ್ಲ. ಗೋಮಾಳದಲ್ಲಿ ಬಗರ್ ಹುಕುಂ (ಮಂಜೂರಾತಿ ಇಲ್ಲದ) ಸಾಗುವಳಿ ಮಾಡುತ್ತ, ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 57ರ ಅರ್ಜಿ ಸಲ್ಲಿಸಿ ಕಾಯುತ್ತಿರುವ ಮನೆಗಳು ನಿಮ್ಮ ಊರಿನಲ್ಲಿಯೂ ಇರುತ್ತವೆ. ಅವರ ಹೆಸರು ಪಹಣಿಯಲ್ಲಿಲ್ಲ, ಆದ್ದರಿಂದ ಪರಿಹಾರದ ಪಟ್ಟಿಯಲ್ಲಿಯೂ ಬರುವುದಿಲ್ಲ. ಹೇಮಾವತಿ ಹಿನ್ನೀರಿಗೆ ನಮ್ಮ ಅಜ್ಜಿಯ ಊರು ಹೋದಾಗ ಆಕೆ ಗೇಣಿಗೆ ಮಾಡುತ್ತಿದ್ದ ಹೊಲಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಕೈಗೆ ಏನೂ ಬರಲಿಲ್ಲ. ನಿಮ್ಮ ಆಕ್ಷೇಪಣೆಯಲ್ಲಿ ಆ ಮನೆಗಳ ಹೆಸರನ್ನೂ ಸೇರಿಸಿ.

ಕೆರೆಕೋಡಿ:

ಎಲ್ಲರಿಗೂ ಕೃತಜ್ಞತೆಗಳು. ಭೂಮಾಪಕರು ಹೇಳಿದ ಮೇಲೆ ನಿನ್ನೆ ರಾತ್ರಿ ಕುಳಿತು ನಮ್ಮ ಪಹಣಿ ತೆಗೆದು ನೋಡಿದೆವು. ನಾಲ್ಕು ಸರ್ವೆ ನಂಬರುಗಳಲ್ಲಿ ಎರಡು 1994ರಲ್ಲಿ ತೀರಿಕೊಂಡ ನಮ್ಮ ತಾತನ ಹೆಸರಿನಲ್ಲೇ ಇವೆ. 62 ತೆಂಗಿನ ಮರಗಳಿರುವ ತೋಟಕ್ಕೆ ರಾಗಿ ಎಂದಿದೆ. ಚಿಕ್ಕಪ್ಪನವರಿಗೂ ನಮಗೂ ಆರು ವರ್ಷಗಳಿಂದ ಮಾತಿರಲಿಲ್ಲ. ಪೌತಿ ಖಾತೆಗೆ ಅವರ ಸಹಿಯೂ ಬೇಕೆಂದು ತಂದೆಯವರು ಬೆಳಿಗ್ಗೆ ತಾವೇ ಅವರ ಮನೆಗೆ ಹೋದರು, ಚಿಕ್ಕಪ್ಪ ಒಪ್ಪಿದ್ದಾರೆ. ಸೋಮವಾರ ಇಬ್ಬರೂ ನಾಡಕಚೇರಿಗೆ ಹೋಗುತ್ತಾರೆ. ಗೋಮಾಳದಲ್ಲಿ ಸಾಗುವಳಿ ಮಾಡುವ 11 ಮನೆಗಳ ಪಟ್ಟಿಯನ್ನು ನಾನು ಬರೆಯುತ್ತಿದ್ದೇನೆ. ಸಂತೇಪೇಟೆಯವರು ಹೇಳಿದ ಖಾಲಿ ನಿವೇಶನಗಳ ಪ್ರಶ್ನೆಯನ್ನು ಒಂದು ಅರ್ಜಿಯಲ್ಲಿ, ಪರಿಸರ ಅನುಮತಿಯ ವರ್ಗದ ಪ್ರಶ್ನೆಯನ್ನು ಇನ್ನೊಂದರಲ್ಲಿ ಬರೆದಿದ್ದೇನೆ. ಎರಡೂ 150 ಪದಗಳೊಳಗಿವೆ. ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.