ಘಾಟ್ ಹತ್ತುವಾಗ ಡೀಸೆಲ್ ಕಾರಿಗೆ ದಮ್ಮೇ ಇಲ್ಲ, ಟರ್ಬೋ ಹೋಗಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು 2014ರ ಡೀಸೆಲ್ ಸೆಡಾನ್, 1.3 ಲೀಟರ್, ವಿಜಿಟಿ ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ; ವಿಜಿಟಿ ಅಂದರೆ ಅದರೊಳಗಿನ ರೆಕ್ಕೆಗಳು ಅಲುಗುವ ಮಾದರಿ). 1.20 ಲಕ್ಷ ಕಿ.ಮೀ. ಓಡಿದೆ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಏನೂ ಗೊತ್ತಾಗುವುದಿಲ್ಲ. ಹೋದ ವಾರ ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯಿತು ನೋಡಿ, ಗಾಡಿ ಎಳೆಯಲೇ ಇಲ್ಲ. ಮೊದಲು ಥರ್ಡ್‌ನಲ್ಲಿ ಆರಾಮಾಗಿ ಹತ್ತುತ್ತಿದ್ದ ಕಡೆ ಸೆಕೆಂಡ್ ಹಾಕಬೇಕಾಯಿತು, ಹಿಂದೆ ಲಾರಿಯವರ ಹಾರ್ನ್ ಬೇರೆ. ಪೂರ್ತಿ ತುಳಿದರೆ ಕಪ್ಪು ಹೊಗೆ. ಚೆಕ್ ಇಂಜಿನ್ ಲೈಟ್ ಬಂದು, ಎರಡು ದಿನ ಇದ್ದು ಹೋಯಿತು. ಗ್ಯಾರೇಜಿನಲ್ಲಿ ಬಾನೆಟ್ ಸಹ ಸರಿಯಾಗಿ ಎತ್ತದೆ "ಟರ್ಬೋ ಹೋಗಿದೆ, 45 ಸಾವಿರ" ಅಂದರು. ಹಾಕಿಸಲಾ?

ಉತ್ತರ: ಈಗಲೇ ಬೇಡ. ಮೊದಲು ಒಂದು ವಿಷಯ ಹೇಳಿ. ಏರಿನಲ್ಲಿ ತುಳಿದಾಗ ಆರ್‌ಪಿಎಂ ಮುಳ್ಳು ಮೇಲೆ ಹೋಗಿ ಸ್ಪೀಡ್ ಮಾತ್ರ ಏರುತ್ತಿರಲಿಲ್ಲವಾ? ಹಾಗಿದ್ದರೆ ಇಂಜಿನ್ ಚೆನ್ನಾಗಿಯೇ ಇದೆ, ಕ್ಲಚ್ ಜಾರುತ್ತಿದೆ. ಮುಳ್ಳೇ ಏರದೆ ನಿಂತಿದ್ದರೆ ಇಂಜಿನ್ನೇ ಪವರ್ ಕೊಡುತ್ತಿಲ್ಲ. ಎಷ್ಟೋ ಕಡೆ ಇದನ್ನು ಕೇಳುವುದೇ ಇಲ್ಲ, ಸುಮ್ನೆ ಪಾರ್ಟ್ ಬದಲಾಯಿಸುತ್ತಾರೆ.

ಕ್ಲಚ್ ಅಲ್ಲ ಅಂತ ಇಟ್ಟುಕೊಳ್ಳೋಣ. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಅದಕ್ಕೆ ಬೇಕಾದ ಗಾಳಿ ಬರುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಎಳೆತ ಕಮ್ಮಿಯಾಗುತ್ತದೆ, ಆದರೆ ಇಷ್ಟು ಹೊಗೆ ಬರುವುದಿಲ್ಲ. ನೀಲಿ ಹೊಗೆಯಾಗಿದ್ದರೆ ಆಯಿಲ್ ಉರಿಯುತ್ತಿದೆ, ಟರ್ಬೋ ಸೀಲ್ ಮೇಲೆ ಅನುಮಾನ ಪಡಬಹುದಿತ್ತು. ಹಾಗಾಗಿ ಗಾಳಿ ಬರುವ ದಾರಿಯನ್ನೇ ಹಿಡಿದು ನೋಡುತ್ತಾ ಹೋಗಿ. ಏರ್ ಫಿಲ್ಟರ್ ಎರಡು ನಿಮಿಷದ ಕೆಲಸ. ಆಮೇಲೆ ಟರ್ಬೋದಿಂದ ಇಂಟರ್‌ಕೂಲರಿಗೆ (ಟರ್ಬೋದ ಬಿಸಿ ಗಾಳಿ ತಣಿಸುವ ಭಾಗ), ಅಲ್ಲಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳು. ಇವು ಸಾಮಾನ್ಯವಾಗಿ ಕೆಳಭಾಗದಲ್ಲೇ ಸೀಳುತ್ತವೆ, ಕ್ಲಾಂಪ್ ಕೂರುವ ಅಂಚಿನಲ್ಲಿ. ಮೇಲಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಬೆರಳನ್ನು ಅಡಿಗೆ ಹಾಕಿ ಸವರಿ. ಒಳಗಿನ ಗಾಳಿಯ ಜೊತೆ ಸ್ವಲ್ಪ ಆಯಿಲ್ ಆವಿ ಯಾವಾಗಲೂ ಇರುತ್ತದೆ, ಅದಕ್ಕೇ ಸೀಳಿದ ಜಾಗದಲ್ಲಿ ಕರಿ ಜಿಡ್ಡು ಮತ್ತು ಅದರ ಮೇಲೆ ಧೂಳು ಅಂಟಿರುತ್ತದೆ. ಐಡಲ್‌ನಲ್ಲಿ ಸೀಳು ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ. ಊರೊಳಗೆ ನಿಮಗೆ ಗೊತ್ತಾಗದೆ ಇರುವುದು ಅದಕ್ಕೇ. ಗ್ಲಾಸ್ ಇಳಿಸಿ ತುಳಿದಾಗ "ಸುಸ್" ಅಂತ ಸದ್ದು ಬರುತ್ತಾ ಗಮನಿಸಿ.

ಸ್ಕ್ಯಾನರ್ ಹಾಕಿಸಿ. ಲೈಟ್ ಹೋದರೂ ದೋಷದ ಕೋಡ್ ಉಳಿದಿರುವ ಸಾಧ್ಯತೆ ಇದೆ.

ಪ್ರಶ್ನೆ: ಮುಳ್ಳು ಏರುತ್ತಿರಲಿಲ್ಲ ಸರ್. ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಕೋಡ್ ಪಿ0299. ಇಂಜಿನ್ ಆಫ್, ಇಗ್ನಿಷನ್ ಮಾತ್ರ ಆನ್ ಇದ್ದಾಗ ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) 91 ತೋರಿಸಿತು. ರೋಡಿನಲ್ಲಿ ಥರ್ಡ್‌ನಲ್ಲಿ ಪೂರ್ತಿ ತುಳಿದಾಗ 2500 ಆರ್‌ಪಿಎಂನಲ್ಲಿ 130. ಇಂಜಿನ್ ಆಫ್ ಇದ್ದಾಗ 100 ಇರಬೇಕು, ಸೆನ್ಸರ್ರೂ ಹೋಗಿದೆ ಅಂದರು.

ಉತ್ತರ: ಸೆನ್ಸರ್ ಸರಿಯಾಗಿದೆ. ಇಂಜಿನ್ ಆಫ್ ಇದ್ದಾಗ ಅದು ಸುತ್ತಲಿನ ಗಾಳಿಯ ಒತ್ತಡ ತೋರಿಸುತ್ತದೆ, ಕಿಲೋಪಾಸ್ಕಲ್ ಲೆಕ್ಕದಲ್ಲಿ. ಮಂಗಳೂರಿನಲ್ಲಿ 100ರ ಆಸುಪಾಸು ಇರುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ 91 ಬಂದರೇನೇ ಸರಿ. ಪಿ0299 ಅಂದರೆ ಟರ್ಬೋ ಒತ್ತಡ ಕಮ್ಮಿ ಅಂತ ಅಷ್ಟೇ, ಟರ್ಬೋ ಕೆಟ್ಟಿದೆ ಅಂತ ಅಲ್ಲ. ಇಂಥ ಇಂಜಿನ್ನಿನಲ್ಲಿ ಪೂರ್ತಿ ತುಳಿದರೆ 200ರ ಹತ್ತಿರ ಹೋಗಬೇಕು. ನಿಮ್ಮದು 130ಕ್ಕೇ ನಿಂತಿದೆ, ಅಂದರೆ ಗಾಳಿ ಎಲ್ಲೋ ಸೋರುತ್ತಿದೆ ಅಥವಾ ಟರ್ಬೋ ಒಳಗಿನ ವೇನ್‌ಗಳು (ರೆಕ್ಕೆಗಳು) ಮಸಿ ಕಟ್ಟಿ ಅಲುಗುತ್ತಿಲ್ಲ. ಹೋಸ್ ಸರಿ ಇದ್ದರೆ ಆ ವೇನ್ ಅಲುಗಿಸುವ ಕಡ್ಡಿ, ಅಂದರೆ ಆಕ್ಚುಯೇಟರ್ ರಾಡ್ ನೋಡಿ. ಅದನ್ನು ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಎಳೆತದಿಂದ) ನಡೆಸುವ ಗಾಡಿಗಳಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಆ ರಾಡ್ ಎಳೆದುಕೊಳ್ಳಬೇಕು. ಅಲುಗದಿದ್ದರೆ ಪೆನ್ಸಿಲ್ ಗಾತ್ರದ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ನೂರು ಇನ್ನೂರು ರೂಪಾಯಿ ಪೈಪಿಗಾಗಿ ಟರ್ಬೋ ಬದಲಾಯಿಸಿದವರನ್ನು ಕಂಡಿದ್ದೇನೆ.

ಇನ್ನೊಬ್ಬರ ಪ್ರಶ್ನೆ: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿರಬಹುದು ಅಲ್ವಾ ಸರ್?

ಉತ್ತರ: ಬಿಎಸ್6 ಡೀಸೆಲ್ ಆಗಿದ್ದರೆ, ಅಂದರೆ 2020ರ ಏಪ್ರಿಲ್ ನಂತರದ್ದಾಗಿದ್ದರೆ, ಮೊದಲು ಅದನ್ನೇ ಕೇಳುತ್ತಿದ್ದೆ. 2014ರ ಈ ವರ್ಗದ ಗಾಡಿಗೆ ಆ ಚಿಂತೆ ಇಲ್ಲ.

ಮತ್ತೊಬ್ಬರ ಪ್ರಶ್ನೆ: ನನ್ನದು ಪೆಟ್ರೋಲ್, ಟರ್ಬೋ ಇಲ್ಲ. 3000 ಆರ್‌ಪಿಎಂ ಮೇಲೆ ಹೋಗುವುದೇ ಇಲ್ಲ. ಮೊದಲು ಇಂಜಿನ್ ನಡುಗುತ್ತಿತ್ತು, ಹಾಗೇ ಒಂದು ತಿಂಗಳು ಓಡಿಸಿದ್ದೆ.

ಉತ್ತರ: ನಿಮ್ಮದು ಬೇರೆ ಕಥೆ. ನಡುಕ ಅಂದರೆ ಒಂದು ಸಿಲಿಂಡರ್ ಉರಿಯುತ್ತಿರಲಿಲ್ಲ. ಅದರ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು, ಅಲ್ಲಿನ ಜಾಲರಿ ಕರಗಿ ದಾರಿ ಮುಚ್ಚಿರಬಹುದು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ ಅಂತಲೇ ಲೆಕ್ಕ. ಆದರೆ ಪ್ಲಗ್, ಕಾಯಿಲ್ ಮೊದಲು ಸರಿ ಮಾಡಿಸಿ, ಇಲ್ಲದಿದ್ದರೆ ಹೊಸ ಕನ್ವರ್ಟರ್ ಕೂಡ ಹಾಗೇ ಹೋಗುತ್ತದೆ.

ಪ್ರಶ್ನೆ: ಸರ್, ಇಂಟರ್‌ಕೂಲರ್ ಹತ್ತಿರದ ಹೋಸ್ ಅಡಿಯಲ್ಲಿ ಒಂದು ಇಂಚು ಸೀಳಿದೆ. ನೀವು ಹೇಳಿದ ಹಾಗೇ ಜಿಡ್ಡು. ಸದ್ಯಕ್ಕೆ ಟೇಪ್ ಸುತ್ತಬಹುದಾ?

ಉತ್ತರ: ಮನೆ ತಲುಪುವವರೆಗೆ ಸರಿ, ಘಾಟಿಗೆ ಬೇಡ. ಬಿಸಿಗೂ ಒತ್ತಡಕ್ಕೂ ಟೇಪ್ ಬಿಚ್ಚಿಕೊಳ್ಳುತ್ತದೆ. ಹೊಸ ಹೋಸ್ ಜೊತೆ ಹೊಸ ಕ್ಲಾಂಪ್ ಕೂಡ ಹಾಕಿಸಿ. ಕೋಡ್ ಅಳಿಸಿ ಅದೇ ರೋಡಿನಲ್ಲಿ, ಅದೇ ಗೇರಿನಲ್ಲಿ ಮತ್ತೆ ರೀಡಿಂಗ್ ತೆಗೆಸಿ. ಆಗಲೂ 130ಕ್ಕೇ ನಿಂತರೆ ವೇನ್ ಕ್ಲೀನ್ ಮಾಡಿಸೋಣ, ಅದಕ್ಕೂ ಹೊಸ ಟರ್ಬೋ ಬೇಕಾಗಿಲ್ಲ.