ಡ್ರೈ ನೀಡ್ಲಿಂಗ್‌ನಿಂದ ಭುಜದ ಸ್ನಾಯುನೋವು ತಗ್ಗುವುದೇ?

ಪ್ರಶ್ನೆ:
ನನ್ನ ಭುಜದ ಮೇಲ್ಭಾಗದ ಸ್ನಾಯುವಿನಲ್ಲಿ, ಒತ್ತಿದರೆ ತಲೆಯವರೆಗೂ ನೋವು ಹರಿಯುವ ಗಂಟೊಂದಿದೆ. ಫಿಸಿಯೋಥೆರಪಿಸ್ಟರು ಡ್ರೈ ನೀಡ್ಲಿಂಗ್ ಸೂಚಿಸಿದ್ದಾರೆ. ಔಷಧವೇ ಇಲ್ಲದ ಸೂಜಿಯಿಂದ ನೋವು ಹೇಗೆ ತಗ್ಗುತ್ತದೆ, ಅಪಾಯವೇನಾದರೂ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಆ ಗಂಟನ್ನು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ತೆಳುವಾದ ಸೂಜಿ ಅದನ್ನು ತಾಕಿದಾಗ ಸ್ನಾಯು ತಾನಾಗಿಯೇ ಒಮ್ಮೆ ಚಕ್ಕನೆ ಅದುರುವುದುಂಟು. ಬಳಿಕ ಬಿಗಿತ ಸಡಿಲಗೊಂಡು ನೋವು ಕುಗ್ಗುತ್ತದೆ ಎಂಬುದು ಪ್ರಚಲಿತ ವಿವರಣೆಯಾದರೂ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಚುಚ್ಚುಮದ್ದಿನಲ್ಲಿ ಮದ್ದಿನ ಹೊರತಾಗಿ ಚುಚ್ಚುವಿಕೆಗೂ ತನ್ನದೇ ಪರಿಣಾಮವಿದೆ ಎಂದು ಚೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲೇ ಬರೆದಿದ್ದರು.

ಉತ್ತರ 2:
ಚುಚ್ಚಿದ ಜಾಗ ಒಂದೆರಡು ದಿನ ನೋಯುವುದು ಸಾಮಾನ್ಯ. ಆದರೆ ತಾವು ಹೇಳಿದ ಭಾಗದಲ್ಲಿ ಶ್ವಾಸಕೋಶದ ತುದಿ ಸಮೀಪದಲ್ಲೇ ಇರುವುದರಿಂದ, ಸೂಜಿ ಆಳಕ್ಕಿಳಿದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವ ಅಪರೂಪದ, ಆದರೆ ಗಂಭೀರವಾದ ಅಪಾಯವಿದೆ. ಆದ್ದರಿಂದಲೇ ನುರಿತವರು ಸ್ನಾಯುವನ್ನು ಬೆರಳುಗಳ ನಡುವೆ ಹಿಡಿದೆತ್ತಿ ಚುಚ್ಚುತ್ತಾರೆ. ಅನಂತರ ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ.

ಉತ್ತರ 3:
ಉಪಶಮನ ಬಹುಮಟ್ಟಿಗೆ ಅಲ್ಪಕಾಲದ್ದು. ನೋವು ತಗ್ಗಿದ ಆ ಅವಧಿಯಲ್ಲಿ ಸ್ನಾಯುವಿಗೆ ಬಲ ತುಂಬುವ ವ್ಯಾಯಾಮವನ್ನು ಆರಂಭಿಸದಿದ್ದರೆ, ನನ್ನ ಅಭಿಪ್ರಾಯದಲ್ಲಿ, ಬರೀ ಸೂಜಿಯನ್ನು ನಂಬಿಕೊಳ್ಳುವುದು ವ್ಯರ್ಥ.